ಇನ್‌ಫ್ರಾರೆಡ್ ಛಾಯಾಗ್ರಹಣ: ಇರುವ ಡಿಜಿಟಲ್ ಕ್ಯಾಮೆರಾದಿಂದ ಆರಂಭಿಸಬೇಕೇ, ಫಿಲ್ಮ್‌ನಿಂದಲೇ?

ಪ್ರಶ್ನೆ: ಚಿತ್ರದುರ್ಗದಿಂದ

ಎಲ್ಲರಿಗೂ ನಮಸ್ಕಾರ. ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿಗಳ ಚಿತ್ರಗಳನ್ನು ನಾನು ಬಹುಕಾಲದಿಂದ ತೆಗೆಯುತ್ತ ಬಂದಿದ್ದೇನೆ. ಎಲೆಗಳೆಲ್ಲ ಬೆಳ್ಳಗಾಗಿ, ಆಕಾಶ ಕಪ್ಪಿಟ್ಟು ಕಾಣುವ ಇನ್‌ಫ್ರಾರೆಡ್ ಚಿತ್ರಗಳನ್ನು ನೋಡಿದ ಮೇಲೆ, ನಮ್ಮ ಏಳುಸುತ್ತಿನ ಕೋಟೆಯ ಬಂಡೆಗಳನ್ನೂ ಅವುಗಳ ಸಂದಿನಿಂದ ಎದ್ದ ಆಲ, ಬೇವುಗಳನ್ನೂ ಆ ಬೆಳಕಿನಲ್ಲಿ ಒಮ್ಮೆ ನೋಡಬೇಕೆಂಬ ಆಸೆ ಬಲವಾಗಿದೆ.

ನನ್ನ ಬಳಿ ನಿಕಾನ್ ಡಿ5300 ಮತ್ತು ಅದರ ಜೊತೆ ಬಂದ 18-55 ಲೆನ್ಸ್ ಇದೆ. ತಂದೆಯವರು ಬಳಸುತ್ತಿದ್ದ ಪೆಂಟಾಕ್ಸ್ ಕೆ1000 ಕ್ಯಾಮೆರಾ ಮತ್ತು 50 ಮಿಲಿಮೀಟರ್ ಎಫ್ 2 ಲೆನ್ಸ್ ಕೂಡ ಸುಸ್ಥಿತಿಯಲ್ಲಿವೆ. ಡಿಜಿಟಲ್ ಕ್ಯಾಮೆರಾಕ್ಕೆ ಒಂದು ಫಿಲ್ಟರ್ ಹಾಕಿದರೆ ಸಾಕೇ, ಅಥವಾ ಕ್ಯಾಮೆರಾವನ್ನೇ ಬಿಚ್ಚಿ ಮಾರ್ಪಡಿಸಬೇಕೇ? ಇನ್‌ಫ್ರಾರೆಡ್ ಫಿಲ್ಮ್ ಈಗಲೂ ತಯಾರಾಗುತ್ತಿದೆಯೇ? ಯಾವ ಕಾಲದಲ್ಲಿ, ದಿನದ ಯಾವ ಹೊತ್ತಿನಲ್ಲಿ ತೆಗೆದರೆ ಒಳ್ಳೆಯದು? ಇನ್ನೊಂದು ಸಂದೇಹವೂ ಇದೆ. ಬೇಸಿಗೆಯಲ್ಲಿ ನಮ್ಮ ಬಂಡೆಗಳು ಹಗಲೆಲ್ಲ ಕಾದು, ರಾತ್ರಿ ಬಹಳ ಹೊತ್ತಿನವರೆಗೂ ಬಿಸಿಯನ್ನು ಬಿಡುತ್ತಿರುತ್ತವೆ. ಆ ಶಾಖವನ್ನು ಇದೇ ಕ್ಯಾಮೆರಾದಲ್ಲಿ ಕತ್ತಲಿನಲ್ಲಿ ಹಿಡಿಯಲು ಸಾಧ್ಯವೇ? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ದಾವಣಗೆರೆಯಿಂದ

ನಿಮ್ಮ ಕೊನೆಯ ಸಂದೇಹವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಗೆಹರಿದರೆ ಉಳಿದ ಎಷ್ಟೋ ವಿಷಯಗಳು ತಾವಾಗಿಯೇ ತಿಳಿಯಾಗುತ್ತವೆ. ಕಾದ ಬಂಡೆ ಬಿಡುವ ಶಾಖವೂ ಅವಕೆಂಪು (ಇನ್‌ಫ್ರಾರೆಡ್) ಕಿರಣವೇ ಹೌದು. ಆದರೆ 55-60 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾದ ವಸ್ತು ಸೂಸುವ ಕಿರಣಗಳ ತರಂಗಾಂತರ ಹೆಚ್ಚು ಕಡಿಮೆ 9 ಮೈಕ್ರೊಮೀಟರ್, ಅಂದರೆ 9,000 ನ್ಯಾನೊಮೀಟರ್ ಸುತ್ತ ಇರುತ್ತದೆ. ನಮ್ಮ ಕ್ಯಾಮೆರಾಗಳ ಸಿಲಿಕಾನ್ ಸೆನ್ಸರ್ 1,100 ನ್ಯಾನೊಮೀಟರ್ ದಾಟಿ ಏನನ್ನೂ ಕಾಣಲಾರದು. ಗಾಜಿನ ಲೆನ್ಸ್ ಕೂಡ ಆ ಉದ್ದನೆಯ ತರಂಗಗಳನ್ನು ಒಳಗೆ ಬಿಡುವುದಿಲ್ಲ. ಶಾಖವನ್ನು ತೋರಿಸುವುದು ಥರ್ಮಲ್ ಕ್ಯಾಮೆರಾದ ಕೆಲಸ, ಅದರ ಲೆನ್ಸೂ ಬೇರೆ, ಸೆನ್ಸರೂ ಬೇರೆ. ನಾವು ಮಾಡಹೊರಟಿರುವುದು ಸೂರ್ಯನಿಂದ ಬಂದು, ವಸ್ತುಗಳ ಮೇಲೆ ಬಿದ್ದು ಪ್ರತಿಫಲಿಸುವ 700ರಿಂದ 1,000 ನ್ಯಾನೊಮೀಟರ್ ಆಸುಪಾಸಿನ ಬೆಳಕಿನ ಚಿತ್ರಣ. ಆದ್ದರಿಂದ ಇದು ಮುಖ್ಯವಾಗಿ ಹಗಲಿನ, ಅದರಲ್ಲೂ ಬಿಸಿಲಿನ ಕೆಲಸ.

ಕಣ್ಣಿಗೆ ಕಾಣದ ಈ ಕಿರಣಗಳನ್ನು ವಿಲಿಯಂ ಹರ್ಷೆಲ್ 1800ರಲ್ಲಿ ಪಟ್ಟಕವನ್ನೂ ಉಷ್ಣಮಾಪಕವನ್ನೂ ಇಟ್ಟುಕೊಂಡು ಕಂಡುಹಿಡಿದರು. ಅವುಗಳಿಂದ ಭೂದೃಶ್ಯದ ಚಿತ್ರ ತೆಗೆದು 1910ರಲ್ಲಿ ಪ್ರಕಟಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಎಲೆ ಬೆಳ್ಳಗೆ ಕಾಣುವುದನ್ನು ಇಂದಿಗೂ ಅವರ ಹೆಸರಿನಿಂದಲೇ ವುಡ್ ಪರಿಣಾಮ ಎನ್ನುತ್ತಾರೆ. ಇದಕ್ಕೆ ಕಾರಣ ಪತ್ರಹರಿತ್ತು ಎಂದು ಹಲವರು ತಿಳಿದಿದ್ದಾರೆ, ಆದರೆ ಪತ್ರಹರಿತ್ತು ಇಲ್ಲಿ ಮಾಡುವ ಉಪಕಾರವೆಂದರೆ ಸುಮ್ಮನೆ ದಾರಿ ಬಿಡುವುದಷ್ಟೇ. ಕೆಂಪು ಬೆಳಕನ್ನು ಹೀರಿಕೊಳ್ಳುವ ಅದು ಅವಕೆಂಪನ್ನು ಹೀರುವುದಿಲ್ಲ. ಎಲೆಯ ಒಳಗಿನ ಜೀವಕೋಶಗಳ ಗೋಡೆಗಳೂ ಅವುಗಳ ನಡುವಿನ ಗಾಳಿಯ ಸಂದುಗಳೂ ಆ ಕಿರಣಗಳನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಬಿದ್ದ ಅವಕೆಂಪಿನಲ್ಲಿ ಸುಮಾರು ಅರ್ಧದಷ್ಟು ಹಿಂದಕ್ಕೆ ಬರುತ್ತದೆ, ಉಳಿದದ್ದರಲ್ಲಿ ಬಹುಪಾಲು ಎಲೆಯನ್ನು ತೂರಿ ಆಚೆಗೆ ಹೋಗುತ್ತದೆ.

ಈ ಎರಡನೆಯ ಸಂಗತಿಯನ್ನು ನೆನಪಿಡಿ. ಚನ್ನಗಿರಿ ಕಡೆಯ ಅಡಿಕೆ ತೋಟದೊಳಗೆ ನಿಂತು ಸಾಮಾನ್ಯ ಚಿತ್ರ ತೆಗೆದರೆ ನೆಲವೆಲ್ಲ ಕಡು ನೆರಳಾಗಿ ಬರುತ್ತದೆ. ಅದೇ ಜಾಗದಲ್ಲಿ ಇನ್‌ಫ್ರಾರೆಡ್ ಚಿತ್ರ ತೆಗೆದರೆ, ಮೇಲಿನ ಗರಿಗಳ ಪದರಗಳನ್ನು ದಾಟಿ ಬಂದ ಬೆಳಕು ತೋಟದ ಒಳಗನ್ನೆಲ್ಲ ಬೆಳಗಿರುತ್ತದೆ. ಉಂಗುರ ಉಂಗುರವಾದ ಅಡಿಕೆ ಕಾಂಡಗಳು ಮಾತ್ರ ಕಪ್ಪು ಗೆರೆಗಳಂತೆ ಸಾಲಾಗಿ ನಿಲ್ಲುತ್ತವೆ. ಇಂತಹ ಕಡೆ ಕ್ಯಾಮೆರಾದ ಬೆಲೆಗಿಂತ ಎಲ್ಲಿ ನಿಲ್ಲುತ್ತೇವೆ ಎನ್ನುವುದೇ ಹೆಚ್ಚು ಮುಖ್ಯವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಕಲೆಯ ಮುಕ್ಕಾಲು ಪಾಲು ಇದೇ ಆಗಿದೆ: ಯಾವ ವಸ್ತು ಅವಕೆಂಪನ್ನು ಹಿಂದಿರುಗಿಸುತ್ತದೆ, ಯಾವುದು ನುಂಗುತ್ತದೆ ಎಂಬುದನ್ನು ಮೊದಲೇ ಊಹಿಸಿ ಚೌಕಟ್ಟು ಕಟ್ಟುವುದು. ಎಲೆ, ಹುಲ್ಲು, ಬಿಳಿ ಮೋಡಗಳು ಬೆಳ್ಳಗೆ ಬರುತ್ತವೆ. ಶುಭ್ರವಾದ ನೀಲಿ ಆಕಾಶ ಕಪ್ಪಾಗುತ್ತದೆ, ಏಕೆಂದರೆ ಗಾಳಿಯ ಅಣುಗಳು ಗಿಡ್ಡ ತರಂಗಗಳನ್ನು ಚದುರಿಸುವಷ್ಟು ಉದ್ದ ತರಂಗಗಳನ್ನು ಚದುರಿಸುವುದಿಲ್ಲ. ಆಳವಾದ ನೀರೂ ಕಪ್ಪಾಗುತ್ತದೆ. ನಿಮ್ಮ ಕೋಟೆಯ ಕಲ್ಲು ಇವೆರಡರ ನಡುವಿನ ಬೂದು ಬಣ್ಣದಲ್ಲಿ ಉಳಿಯುತ್ತದೆ. ಆದ್ದರಿಂದ ಬರಿಯ ಬಂಡೆಯನ್ನು ತುಂಬಿಸಿ ತೆಗೆದ ಚಿತ್ರ ಸಾಧಾರಣ ಕಪ್ಪು-ಬಿಳುಪು ಚಿತ್ರಕ್ಕಿಂತ ಅಷ್ಟೇನೂ ಭಿನ್ನವಾಗಿ ಕಾಣುವುದಿಲ್ಲ. ಬಂಡೆಯ ಜೊತೆಗೆ ಎಲೆ, ನೀರು, ಆಕಾಶಗಳಲ್ಲಿ ಎರಡಾದರೂ ಚೌಕಟ್ಟಿನೊಳಗೆ ಇರಲಿ.

ಈಗ ನಿಮ್ಮ ಡಿ5300 ಬಗ್ಗೆ. ಬಹುತೇಕ ಎಲ್ಲ ಡಿಜಿಟಲ್ ಕ್ಯಾಮೆರಾಗಳಲ್ಲಿಯೂ ಸೆನ್ಸರಿನ ಮುಂದೆ ಅವಕೆಂಪನ್ನು ತಡೆಯುವ ಒಂದು ಗಾಜು ಇರುತ್ತದೆ, ಅದಿಲ್ಲದಿದ್ದರೆ ಮಾಮೂಲಿ ಚಿತ್ರಗಳ ಬಣ್ಣ ಕೆಡುತ್ತದೆ. 2006ರಲ್ಲಿ ಬಂದ ಲೈಕಾ ಎಂ8 ಕ್ಯಾಮೆರಾದಲ್ಲಿ ಈ ತಡೆ ದುರ್ಬಲವಾಗಿದ್ದುದರಿಂದ ಕಪ್ಪು ಬಟ್ಟೆಗಳು ನೇರಳೆಯಾಗಿ ಬರುತ್ತಿದ್ದವು. ಆದರೆ ತಡೆ ಯಾವ ಕ್ಯಾಮೆರಾದಲ್ಲಿಯೂ ಸಂಪೂರ್ಣವಲ್ಲ, ಅಷ್ಟಿಷ್ಟು ಸೋರುತ್ತಲೇ ಇರುತ್ತದೆ. ಆ ಸೋರಿಕೆಯೇ ನಮ್ಮ ಬಂಡವಾಳ. ಕತ್ತಲೆ ಕೋಣೆಯಲ್ಲಿ ಲೈವ್ ವ್ಯೂ ಹಾಕಿಕೊಂಡು ಟಿ.ವಿ. ರಿಮೋಟಿನ ಮೂತಿಯನ್ನು ಲೆನ್ಸಿನ ಕಡೆ ತಿರುಗಿಸಿ ಗುಂಡಿ ಒತ್ತಿದರೆ, ಪರದೆಯ ಮೇಲೆ ಬೆಳಕಿನ ಚುಕ್ಕೆ ಕಾಣುತ್ತದೆಯೇ ನೋಡಿ. ಚುಕ್ಕೆ ಮಂಕಾಗಿದ್ದರೂ ನಿರಾಶರಾಗಬೇಡಿ. ರಿಮೋಟಿನ ದೀಪ ಸಾಮಾನ್ಯವಾಗಿ 940 ನ್ಯಾನೊಮೀಟರ್‌ನದು, ನಮಗೆ ಬೇಕಾದ 720-750ರ ಸುತ್ತ ಸೋರಿಕೆ ಅದಕ್ಕಿಂತ ಹೆಚ್ಚಿರುತ್ತದೆ.

ಕೊಳ್ಳಬೇಕಾದದ್ದು ಹೋಯಾ ಆರ್72 ಅಥವಾ ಅದಕ್ಕೆ ಸಮನಾದ 720 ನ್ಯಾನೊಮೀಟರ್ ಫಿಲ್ಟರ್, ಅಂದರೆ ಅದಕ್ಕಿಂತ ಗಿಡ್ಡ ತರಂಗದ ಬೆಳಕನ್ನು ಬಹುಮಟ್ಟಿಗೆ ತಡೆಯುವಂಥದ್ದು. ನಿಮ್ಮ 18-55 ಲೆನ್ಸಿನ ಮೂತಿಯ ಮೇಲೆ 52 ಎಂದು ಅಚ್ಚಾಗಿದ್ದರೆ 52 ಮಿಲಿಮೀಟರ್ ಅಳತೆಯದ್ದನ್ನೇ ಕೊಳ್ಳಿ. ಪೆಂಟಾಕ್ಸ್‌ನ 50 ಎಫ್ 2 ಲೆನ್ಸಿನ ಅಳತೆ 49, ಅದಕ್ಕೆ 49ರಿಂದ 52ಕ್ಕೆ ಏರಿಸುವ ಒಂದು ರಿಂಗ್ ಹಾಕಿದರೆ ಎರಡೂ ಕ್ಯಾಮೆರಾಗಳಿಗೆ ಒಂದೇ ಫಿಲ್ಟರ್ ಸಾಕಾಗುತ್ತದೆ.

ತೆಗೆಯುವ ಕ್ರಮ ಹೀಗೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಫಿಲ್ಟರ್ ಇಲ್ಲದೆಯೇ ಚೌಕಟ್ಟು ಕಟ್ಟಿ, ಫೋಕಸ್ ಮಾಡಿ, ಆಮೇಲೆ ಲೆನ್ಸನ್ನು ಮ್ಯಾನ್ಯುಯಲ್‌ಗೆ ಬದಲಾಯಿಸಿ. ರಿಂಗ್ ಅಲುಗದಂತೆ ಫಿಲ್ಟರನ್ನು ಮೆಲ್ಲಗೆ ತಿರುಗಿಸಿ ಹಾಕಿ. ಎಫ್ 8, ಐಎಸ್‌ಒ 400, 10 ಸೆಕೆಂಡಿನಿಂದ ಆರಂಭಿಸಿ, ಹಿಸ್ಟೊಗ್ರಾಮ್‌ನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಲ್ಲಿ) ಕೆಂಪು ಚಾನೆಲ್ ಒಂದನ್ನೇ ನೋಡುತ್ತ ಸಮಯವನ್ನು ಹೆಚ್ಚಿಸಿ ಅಥವಾ ತಗ್ಗಿಸಿ. ಒಟ್ಟು ಹಿಸ್ಟೊಗ್ರಾಮ್ ಸರಿಯಾಗಿದೆ ಎಂದು ತೋರಿದರೂ ಕೆಂಪು ಚಾನೆಲ್ ಬಲಗಡೆಯ ಗೋಡೆಗೆ ತಾಗಿ ಎಲೆಯ ವಿವರ ಅಳಿಸಿಹೋಗಿರಬಹುದು. ದೀರ್ಘ ಎಕ್ಸ್‌ಪೋಷರ್ ನಡೆಯುವಾಗ ಕಣ್ಣಿಡುವ ಕಿಂಡಿಯ ಮೂಲಕವೂ ಬೆಳಕು ನುಗ್ಗುತ್ತದೆ, ಅದನ್ನು ಕಪ್ಪು ಬಟ್ಟೆಯಿಂದ ಮುಚ್ಚಬೇಕು. ಎಫ್ 11 ದಾಟಿ ಅಪರ್ಚರ್ ಕಿರಿದಾಗಿಸಬೇಡಿ, ತರಂಗ ಉದ್ದವಾದಷ್ಟೂ ವಿವರ್ತನೆಯಿಂದ ಚಿತ್ರ ಬೇಗ ಮೃದುವಾಗುತ್ತದೆ.

ಚಿತ್ರಗಳನ್ನು ರಾ ಫೈಲ್ ಆಗಿಯೇ (ಕ್ಯಾಮೆರಾ ಸಂಸ್ಕರಿಸದ ಮೂಲ ದತ್ತಾಂಶವಾಗಿ) ಉಳಿಸಿ. ಪರದೆಯ ಮೇಲೆ ಎಲ್ಲವೂ ಕಡುಗೆಂಪಾಗಿ ಕಾಣುವುದು ಸಹಜ. ಬಿಸಿಲು ಬಿದ್ದ ಹಸಿರು ಹುಲ್ಲನ್ನು ಫಿಲ್ಟರ್ ಮೂಲಕವೇ ತೋರಿಸಿ ವೈಟ್ ಬ್ಯಾಲೆನ್ಸ್ ಅಳೆದರೆ ಆ ಕೆಂಪು ಇಳಿದು, ಎಲೆ ಬಿಳಿಯ ಹತ್ತಿರಕ್ಕೂ ಆಕಾಶ ಕಂದು ಬಣ್ಣಕ್ಕೂ ಬರುತ್ತದೆ. ನಿಕಾನ್‌ನ ಉಚಿತ ತಂತ್ರಾಂಶ ಎನ್‌ಎಕ್ಸ್ ಸ್ಟುಡಿಯೊ ಕ್ಯಾಮೆರಾದ ಈ ಅಳತೆಯನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಅಡೋಬಿಯ ತಂತ್ರಾಂಶಗಳಲ್ಲಿ ಬಣ್ಣದ ತಾಪ 2,000 ಕೆಲ್ವಿನ್‌ಗಿಂತ ಕೆಳಗೆ ಇಳಿಯದ ಕಾರಣ, ಬೇರೆ ಪ್ರೊಫೈಲ್ ಮಾಡಿಕೊಳ್ಳದ ಹೊರತು ಚಿತ್ರ ಕೆಂಪಾಗಿಯೇ ನಿಂತುಬಿಡುತ್ತದೆ. ಆಕಾಶ ನೀಲಿಯಾಗಬೇಕೆಂದರೆ ಜಿಂಪ್ ತಂತ್ರಾಂಶದ ಚಾನೆಲ್ ಮಿಕ್ಸರ್‌ನಲ್ಲಿ ಕೆಂಪು ಮತ್ತು ನೀಲಿ ಚಾನೆಲ್‌ಗಳನ್ನು ಅದಲು ಬದಲು ಮಾಡಬಹುದು. ನನಗೆ ಕಪ್ಪು-ಬಿಳುಪೇ ಹೆಚ್ಚು ಇಷ್ಟ.

ಚಿತ್ರದುರ್ಗದವರಿಗೆ ಒಂದು ವಿಶೇಷ ತೊಡಕಿದೆ, ಅದು ಗಾಳಿ. ಜೋಗಿಮಟ್ಟಿಯ ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. 10-15 ಸೆಕೆಂಡಿನಲ್ಲಿ ಬೇವಿನ ಸಣ್ಣ ಎಲೆಗಳೆಲ್ಲ ಕಲಸಿ ಬಿಳಿಯ ಮುದ್ದೆಯಾಗುತ್ತವೆ. ಆಲದಂತಹ ದಪ್ಪ ಎಲೆಯ ಮರಗಳನ್ನೂ ಬಂಡೆಯ ಮರೆಯಲ್ಲಿ ಬೆಳೆದ ಗಿಡಗಳನ್ನೂ ಆರಿಸಿಕೊಳ್ಳಿ. ಮುಂಗಾರಿನ ತಿಂಗಳುಗಳಲ್ಲಿ ಗಾಳಿಯ ಭರ ಹೆಚ್ಚು. ದಸರೆ ಕಳೆದ ಮೇಲೆ ಗಾಳಿ ತಗ್ಗುತ್ತದೆ, ಹಸಿರು ಇನ್ನೂ ಇರುತ್ತದೆ, ಮಳೆ ತೊಳೆದ ಆಕಾಶವೂ ಶುಭ್ರವಾಗಿರುತ್ತದೆ. ನಿಮ್ಮ ಜಿಲ್ಲೆಯಲ್ಲಿ ಇದಕ್ಕೆ ಅಕ್ಟೋಬರ್, ನವೆಂಬರ್ ತಿಂಗಳುಗಳಿಗಿಂತ ಒಳ್ಳೆಯ ಕಾಲವಿಲ್ಲ. ಬೇಸಿಗೆಯಲ್ಲಿ ಧೂಳು ತುಂಬಿ ಆಕಾಶ ಬೆಳ್ಳಗಾಗಿದ್ದರೆ ಫಿಲ್ಟರ್ ಅದನ್ನು ಕಪ್ಪಾಗಿಸಲಾರದು. ತೆಳುವಾದ ಮಬ್ಬನ್ನು ಅವಕೆಂಪು ಸೀಳಿಕೊಂಡು ಬರುತ್ತದೆ ಎನ್ನುವುದು ನಿಜ, ಆದರೆ ಧೂಳಿನ ಕಣ ತರಂಗಕ್ಕಿಂತ ದೊಡ್ಡದು, ಅಲ್ಲಿ ಆ ನಿಯಮ ನಡೆಯುವುದಿಲ್ಲ.

ಉತ್ತರ 2: ಚಿತ್ರದುರ್ಗದಿಂದ, ಹಿಂದೆ ಸ್ಟುಡಿಯೊ ನಡೆಸಿದವರಿಂದ

ಮೇಲಿನ ಉತ್ತರ ಸೊಗಸಾಗಿದೆ. ಆದರೆ ಕೆ1000ನಂತಹ ಕ್ಯಾಮೆರಾ ಮನೆಯಲ್ಲಿರುವಾಗ ಫಿಲ್ಮನ್ನು ಎರಡನೆಯ ಸಾಲಿಗೆ ತಳ್ಳುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಫಿಲ್ಮ್‌ನ ಮುಂದೆ ಅವಕೆಂಪನ್ನು ತಡೆಯುವ ಗಾಜು ಇರುವುದಿಲ್ಲ. ಡಿಜಿಟಲ್‌ನಲ್ಲಿ 10 ಸೆಕೆಂಡು ಬೇಕಾಗುವ ಕಡೆ ಫಿಲ್ಮ್‌ಗೆ ಸೆಕೆಂಡಿನ ಒಂದು ಭಾಗ ಸಾಕು. ಗಾಳಿಯ ತೊಡಕಿಗೆ ಇದಕ್ಕಿಂತ ಸುಲಭದ ಪರಿಹಾರ ಬೇರೆ ಯಾವುದಿದೆ?

ಮೊದಲು ಯಾವ ಫಿಲ್ಮ್ ಎಂಬ ಮಾತು. ಹಳೆಯ ಚಿತ್ರಗಳಲ್ಲಿ ಎಲೆಗಳ ಅಂಚಿನಿಂದ ಬೆಳಕು ಹೊಗೆಯಾಡುವಂತೆ ಕಾಣುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಬಹಳಷ್ಟು ಕೊಡಾಕ್‌ನ ಹೈ ಸ್ಪೀಡ್ ಇನ್‌ಫ್ರಾರೆಡ್ ಫಿಲ್ಮ್‌ನಲ್ಲಿ ತೆಗೆದವು. ಅದರ ಹಿಂಬದಿಯಲ್ಲಿ ಬೆಳಕು ಮರಳಿ ಪ್ರತಿಫಲಿಸದಂತೆ ತಡೆಯುವ ಪದರ ಇರಲಿಲ್ಲ, ಆ ಹೊಳಪಿಗೆ ಅದೇ ಕಾರಣ. 2007ರಲ್ಲಿ ಅದರ ತಯಾರಿಕೆ ನಿಂತಿತು. ಈಗ ಇನ್‌ಫ್ರಾರೆಡ್ ಕೆಲಸಕ್ಕೆ ಬಳಕೆಯಲ್ಲಿರುವವು ಮುಖ್ಯವಾಗಿ ರೋಲೈ ಇನ್‌ಫ್ರಾರೆಡ್ 400 ಮತ್ತು ಇಲ್ಫೋರ್ಡ್ ಎಸ್‌ಎಫ್‌ಎಕ್ಸ್ 200. ರೋಲೈ ಸುಮಾರು 820 ನ್ಯಾನೊಮೀಟರ್‌ವರೆಗೆ ಕಾಣುತ್ತದೆ, ಇಲ್ಫೋರ್ಡ್ 740ರವರೆಗೆ ಮಾತ್ರ. ಹಾಗಾಗಿ ಎಲೆ ನಿಜವಾಗಿ ಬೆಳ್ಳಗಾಗಬೇಕೆಂದರೆ ರೋಲೈ ಆರಿಸಿ. 830 ಅಥವಾ ಅದಕ್ಕೂ ಮೇಲಿನ ಕಡು ಫಿಲ್ಟರುಗಳನ್ನು ಈ ಫಿಲ್ಮ್‌ಗಳಿಗೆ ಕೊಳ್ಳುವುದು ದುಡ್ಡು ದಂಡ, ಫಿಲ್ಟರ್ ಬಿಡುವ ಬೆಳಕು ಫಿಲ್ಮ್‌ಗೆ ಕಾಣುವುದೇ ಇಲ್ಲ. ಆರ್72 ಒಂದೇ ಸಾಕು.

ರೋಲೈ ಫಿಲ್ಮ್‌ನ ತಳಪಾಯ ಪಾಲಿಯೆಸ್ಟರ್. ಹೊರಗೆ ಚಾಚಿಕೊಂಡ ತುದಿಯ ಮೇಲೆ ಬಿಸಿಲು ಬಿದ್ದರೆ ಆ ಬೆಳಕು ಪಾಲಿಯೆಸ್ಟರ್‌ನ ಒಳಗಿನಿಂದಲೇ ಹರಿದು ಸುರುಳಿಯೊಳಗೆ ಸೇರುತ್ತದೆ, ಮೊದಲ ಚಿತ್ರಗಳ ಮೇಲೆ ಮಸುಕು ಬೀಳುತ್ತದೆ. ಆದ್ದರಿಂದ ಫಿಲ್ಮನ್ನು ಕ್ಯಾಮೆರಾಕ್ಕೆ ಹಾಕುವುದು, ತೆಗೆಯುವುದು ಎರಡನ್ನೂ ಮನೆಯೊಳಗೆ, ಕಿಟಕಿ ಮುಚ್ಚಿ ಮಾಡಿ. ಮುಗಿದ ಕೂಡಲೇ ಅದರ ಕಪ್ಪು ಡಬ್ಬಿಯೊಳಗೆ ಇಡಿ. ನಿಮ್ಮ ಕೆ1000 ಪೂರ್ತಿ ಯಾಂತ್ರಿಕ ಕ್ಯಾಮೆರಾ ಆಗಿರುವುದು ಅದೃಷ್ಟ. ಮೋಟಾರಿನಿಂದ ಫಿಲ್ಮ್ ಎಳೆಯುವ ಕೆಲವು ಕ್ಯಾಮೆರಾಗಳಲ್ಲಿ, ಮುಖ್ಯವಾಗಿ ಕೆಲವು ಕ್ಯಾನನ್ ಇಒಎಸ್ ಮಾದರಿಗಳಲ್ಲಿ, ಫಿಲ್ಮ್‌ನ ತೂತುಗಳನ್ನು ಎಣಿಸಲು ಅವಕೆಂಪು ದೀಪವನ್ನೇ ಇಟ್ಟಿದ್ದಾರೆ. ಅವಕೆಂಪಿಗೆ ಸಂವೇದಿಯಾದ ಫಿಲ್ಮ್‌ನ ಅಂಚು ಅದರಿಂದ ಮಸುಕಾಗುತ್ತದೆ.

ಎಕ್ಸ್‌ಪೋಷರ್ ಅಳತೆಯಲ್ಲಿ ಕ್ಯಾಮೆರಾದ ಮೀಟರನ್ನು ಫಿಲ್ಟರ್ ಮೂಲಕ ನಂಬಬೇಡಿ. ಆ ಮೀಟರ್ ಕಣ್ಣಿಗೆ ಕಾಣುವ ಬೆಳಕಿಗೆಂದು ಹೊಂದಿಸಿದ್ದು. ಫಿಲ್ಟರ್ ಇಲ್ಲದೆ ಐಎಸ್‌ಒ 400ರಲ್ಲಿ ಅಳೆದು, ಅಲ್ಲಿಂದ ಆರು ಸ್ಟಾಪ್ ಹೆಚ್ಚು ಬೆಳಕು ಕೊಡಿ (ಒಂದೊಂದು ಸ್ಟಾಪ್‌ಗೂ ಬೆಳಕು ಎರಡು ಪಟ್ಟಾಗುತ್ತದೆ). ಅಂದರೆ ಫಿಲ್ಮ್‌ನ ವೇಗ 6 ಎಂದು ಎಣಿಸಿದಂತಾಯಿತು. ನಡುಹಗಲಿನ ಬಿಸಿಲಿಗೆ ಲೆಕ್ಕ ಹಾಕಿದರೆ ಎಫ್ 11ರಲ್ಲಿ ಹೆಚ್ಚು ಕಡಿಮೆ 1/8 ಸೆಕೆಂಡ್ ಬರುತ್ತದೆ. ಪ್ರತಿ ದೃಶ್ಯಕ್ಕೂ 1/8, 1/4, 1/2 ಮೂರನ್ನೂ ತೆಗೆದು, ಯಾವುದು ಯಾವ ಚಿತ್ರ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬೆಳಗ್ಗೆ, ಸಂಜೆ ಬೆಳಕಿನಲ್ಲಿ ಅವಕೆಂಪಿನ ಪಾಲು ಹೆಚ್ಚಿರುತ್ತದೆ, ಮೋಡ ಕವಿದಾಗ ಲೆಕ್ಕವೇ ಬೇರೆಯಾಗುತ್ತದೆ. ನಿಮ್ಮ ಚೀಟಿಯೇ ಮುಂದೆ ನಿಮ್ಮ ಮೀಟರ್ ಆಗುತ್ತದೆ.

ಫೋಕಸ್ ವಿಷಯದಲ್ಲಿ ಹಳೆಯ ಲೆನ್ಸುಗಳು ಉಪಕಾರಿ. ಅವಕೆಂಪು ಕಿರಣ ಗಾಜಿನಲ್ಲಿ ಕಡಿಮೆ ಬಾಗುವುದರಿಂದ ಚಿತ್ರ ಸ್ವಲ್ಪ ಹಿಂದೆ ಮೂಡುತ್ತದೆ. ಇದಕ್ಕಾಗಿಯೇ ಆ ಕಾಲದ ಹೆಚ್ಚಿನ ಲೆನ್ಸುಗಳ ದೂರದ ಮಾಪಕದ ಪಕ್ಕದಲ್ಲಿ ಒಂದು ಕೆಂಪು ಗೆರೆಯೋ ಚುಕ್ಕೆಯೋ ಇರುತ್ತದೆ. ಎಂದಿನಂತೆ ಫೋಕಸ್ ಮಾಡಿ, ನಡುವಿನ ಗೆರೆಗೆ ಎದುರಾಗಿ ಬಂದ ದೂರವನ್ನು ಓದಿಕೊಂಡು, ಆ ದೂರವನ್ನು ಕೆಂಪು ಗುರುತಿನ ಎದುರಿಗೆ ತಿರುಗಿಸಿ ಇಟ್ಟರೆ ಆಯಿತು.

ಫಿಲ್ಟರ್ ಹಾಕಿದ ಮೇಲೆ ಕಿಂಡಿಯಲ್ಲಿ ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಕತ್ತಲೆಯಾಗಿದೆ ಎಂದು ಕಿಂಡಿಯೊಳಗಿನಿಂದ ಸೂರ್ಯನ ಕಡೆಗೆ ಎಂದೂ ನೋಡಬೇಡಿ, ಫಿಲ್ಟರನ್ನು ಬರಿಗೈಯಲ್ಲಿ ಹಿಡಿದೂ ಸೂರ್ಯನನ್ನು ನೋಡಬೇಡಿ. ಕಣ್ಣಿನ ಪಾಪೆ ಕತ್ತಲೆಗೆ ಹಿಗ್ಗಿಕೊಂಡಿರುತ್ತದೆ, ಸೂರ್ಯನ ಅವಕೆಂಪು ಮಾತ್ರ ತಡೆಯಿಲ್ಲದೆ ಅಕ್ಷಿಪಟದ ಮೇಲೆ ಬೀಳುತ್ತದೆ. ಕಣ್ಣಿಗೆ ನೋವೇ ತಿಳಿಯದಂತೆ ಹಾನಿಯಾಗಬಹುದು. ಮಕ್ಕಳ ಕೈಗೆ ಆ ಫಿಲ್ಟರ್ ಸಿಗದಂತೆ ನೋಡಿಕೊಳ್ಳಿ.

ಡೆವಲಪಿಂಗ್ ಮನೆಯಲ್ಲೇ ಮಾಡಿಕೊಳ್ಳುವುದು ಲೇಸು. ಇದು ಮಾಮೂಲಿ ಕಪ್ಪು-ಬಿಳುಪು ಫಿಲ್ಮ್, ಡಿ-76 ಅಥವಾ ರೋಡಿನಾಲ್‌ನಲ್ಲಿ ಚೆನ್ನಾಗಿ ಬರುತ್ತದೆ. ನಮ್ಮೂರಿನ ಸಮಸ್ಯೆ ನೀರಿನ ಬಿಸಿ. ಏಪ್ರಿಲ್‌ನಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು 20 ಡಿಗ್ರಿಯ ಹತ್ತಿರಕ್ಕೂ ಬರುವುದಿಲ್ಲ. ದೊಡ್ಡ ಬೋಗುಣಿಯಲ್ಲಿ ನೀರು, ಐಸ್ ಹಾಕಿ ಅದರೊಳಗೆ ಡೆವಲಪರ್, ಫಿಕ್ಸರ್, ತೊಳೆಯುವ ನೀರಿನ ಬಾಟಲಿಗಳನ್ನೆಲ್ಲ ಒಟ್ಟಿಗೆ ಇಟ್ಟು, ಥರ್ಮಾಮೀಟರ್ 20 ತೋರಿಸುವವರೆಗೆ ಕಾಯಿರಿ. ಡೆವಲಪರ್ ಒಂದನ್ನೇ ತಣ್ಣಗೆ ಮಾಡಿ, ಆಮೇಲೆ 30 ಡಿಗ್ರಿಯ ನಲ್ಲಿ ನೀರಿನಲ್ಲಿ ತೊಳೆದರೆ ಫಿಲ್ಮ್‌ನ ಮೇಲಿನ ಜೆಲಟಿನ್ ಪದರ ಸುಕ್ಕುಗಟ್ಟುವ ಅಪಾಯವಿದೆ.

ಕೊನೆಯದಾಗಿ, ಹಳೆಯ ಕೊಡಾಕ್ ಫಿಲ್ಮ್‌ನ ಹೊಗೆಯಂತಹ ಹೊಳಪನ್ನು ಇವುಗಳಿಂದ ನಿರೀಕ್ಷಿಸಬೇಡಿ, ಈಗಿನ ಫಿಲ್ಮ್‌ಗಳಲ್ಲಿ ಆ ತಡೆಪದರ ಇದೆ. ಆದರೆ ಗೋಪಾಲಸ್ವಾಮಿ ಹೊಂಡದ ಕಪ್ಪು ನೀರು, ಅದರ ಮೇಲೆ ಬಾಗಿದ ಬಿಳಿ ಕೊಂಬೆ, ಹಿಂದೆ ಬೂದು ಬಂಡೆ, ಈ ಮೂರರ ನಡುವಿನ ಛಾಯೆಗಳನ್ನು ಈ ಫಿಲ್ಮ್ ಬಿಡಿಸಿಡುವ ಅಚ್ಚುಕಟ್ಟುತನವನ್ನು ನೀವು ನೆಗೆಟಿವ್‌ನಲ್ಲಿಯೇ ಗುರುತಿಸಬಲ್ಲಿರಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಆರ್72 ಫಿಲ್ಟರ್ ಮತ್ತು 49-52 ರಿಂಗ್ ತರಿಸಿಕೊಳ್ಳುತ್ತೇನೆ. ಎರಡು ಸಂಗತಿಗಳು ಇನ್ನೂ ಉಳಿದಿವೆ. ಕ್ಯಾಮೆರಾವನ್ನು ಮಾರ್ಪಡಿಸುವ ಬಗ್ಗೆ ಯಾರಾದರೂ ಹೇಳಬಲ್ಲಿರಾ, ಅದನ್ನು ಮನೆಯಲ್ಲಿಯೇ ಮಾಡಬಹುದೇ? ಮತ್ತೆ, ಕೆಲವು ಲೆನ್ಸುಗಳಲ್ಲಿ ಚಿತ್ರದ ನಡುವೆ ಬೆಳ್ಳನೆಯ ಕಲೆ ಬೀಳುತ್ತದೆ ಎಂದು ಕೇಳಿದ್ದೇನೆ. ಅದನ್ನು ಮೊದಲೇ ಪತ್ತೆ ಹಚ್ಚುವುದು ಹೇಗೆ?

ಉತ್ತರ 3: ಹರಿಹರದಿಂದ

ಮಾರ್ಪಡಿಸಿದ ಕ್ಯಾಮೆರಾವನ್ನೇ ಬಳಸುವವನಾದ್ದರಿಂದ ಈ ಭಾಗಕ್ಕೆ ನಾನು ಉತ್ತರಿಸುತ್ತೇನೆ.

ಮಾರ್ಪಡಿಸುವುದೆಂದರೆ ಸೆನ್ಸರಿನ ಮುಂದಿನ ಆ ತಡೆಗಾಜನ್ನು ತೆಗೆದು, ಅಷ್ಟೇ ದಪ್ಪದ ಬೇರೆ ಗಾಜನ್ನು ಕೂರಿಸುವುದು. ಆದ ಮೇಲೆ ಸಾಮಾನ್ಯ ಕ್ಯಾಮೆರಾದಂತೆ ಕೈಯಲ್ಲಿ ಹಿಡಿದೇ 1/200, 1/250 ಸೆಕೆಂಡಿನಲ್ಲಿ ತೆಗೆಯಬಹುದು, ಟ್ರೈಪಾಡ್‌ನ ಹಂಗೂ ಇಲ್ಲ, ಗಾಳಿಯ ಚಿಂತೆಯೂ ಇಲ್ಲ. ಆದರೆ ಆ ಕ್ಯಾಮೆರಾ ಮತ್ತೆ ಮಾಮೂಲಿ ಚಿತ್ರಕ್ಕೆ ಬಾರದು. ನಿಮ್ಮಲ್ಲಿರುವ ಒಂದೇ ಡಿಜಿಟಲ್ ಕ್ಯಾಮೆರಾವನ್ನು ಇದಕ್ಕೆ ಒಡ್ಡಬೇಡಿ ಎಂಬುದು ನನ್ನ ಖಚಿತ ಸಲಹೆ. ಫಿಲ್ಟರ್ ಹಿಡಿದು ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿರಿ. ಆಸಕ್ತಿ ಉಳಿದರೆ ಹಳೆಯದೊಂದು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಕೊಂಡು ಅದನ್ನು ಮಾರ್ಪಡಿಸಿ. ಮಿರರ್‌ಲೆಸ್ ಎನ್ನುವುದಕ್ಕೆ ಕಾರಣವಿದೆ. ಡಿಎಸ್‌ಎಲ್‌ಆರ್ ಕ್ಯಾಮೆರಾದ ಆಟೊಫೋಕಸ್ ಬೇರೊಂದು ಸೆನ್ಸರಿನಿಂದ ನಡೆಯುತ್ತದೆ, ಅವಕೆಂಪಿಗೆ ಅದನ್ನು ಒಂದೊಂದು ಲೆನ್ಸಿಗೂ ಹೊಂದಿಸಬೇಕಾಗುತ್ತದೆ. ಮಿರರ್‌ಲೆಸ್‌ನಲ್ಲಿ ಚಿತ್ರ ಮೂಡುವ ಸೆನ್ಸರೇ ಫೋಕಸ್ಸನ್ನೂ ನೋಡಿಕೊಳ್ಳುತ್ತದೆ, ಕಿಂಡಿಯಲ್ಲಿಯೂ ಅವಕೆಂಪಿನ ಚಿತ್ರವೇ ಕಾಣುತ್ತದೆ. ಎಲ್ಲಿ ನಿಂತರೆ ಏನು ಬೆಳ್ಳಗಾಗುತ್ತದೆ ಎಂಬುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಗುರುವಿಲ್ಲ.

ಮನೆಯಲ್ಲಿ ಬಿಚ್ಚುವುದು ಬೇಡ. ಫ್ಲ್ಯಾಶ್ ಇರುವ ಕ್ಯಾಮೆರಾದೊಳಗೆ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ಬ್ಯಾಟರಿ ತೆಗೆದು ಬಹಳ ಹೊತ್ತಾದ ಮೇಲೂ ಅದರಲ್ಲಿ 300 ವೋಲ್ಟ್‌ನಷ್ಟು ವಿದ್ಯುತ್ ಉಳಿದಿರಬಹುದು, ಕೈ ತಾಗಿದರೆ ಅಪಾಯ. ಧೂಳಿನ ವಿಷಯವಂತೂ ಹೇಳುವುದೇ ಬೇಡ. ಗಾಜು ಮತ್ತು ಸೆನ್ಸರ್ ನಡುವೆ ಒಂದು ಕಣ ಸೇರಿದರೆ ಎಲ್ಲ ಚಿತ್ರಗಳಲ್ಲಿಯೂ ಅದೇ ಜಾಗದಲ್ಲಿ ಕಾಣುತ್ತಿರುತ್ತದೆ.

ಯಾವ ಗಾಜು ಎಂಬುದನ್ನು ಕೊಡುವ ಮೊದಲೇ ತೀರ್ಮಾನಿಸಬೇಕು. 720 ಎಲ್ಲದಕ್ಕೂ ಒಗ್ಗುತ್ತದೆ, ಕಪ್ಪು-ಬಿಳುಪಿಗೂ ಸರಿ, ಚಾನೆಲ್ ಬದಲಿಸಿ ನೀಲಿ ಆಕಾಶ ತರುವಷ್ಟು ಬಣ್ಣವೂ ಉಳಿದಿರುತ್ತದೆ. 590ರಲ್ಲಿ ಕಿತ್ತಳೆ, ಕೆಂಪು ಬೆಳಕು ಸಾಕಷ್ಟು ಸೇರುವುದರಿಂದ ಎಲೆ ಬಂಗಾರದ ಹಳದಿಗೆ ತಿರುಗುತ್ತದೆ. 830ರಲ್ಲಿ ಬಣ್ಣವೇ ಇರುವುದಿಲ್ಲ, ಏಕೆಂದರೆ ಸೆನ್ಸರಿನ ಮೇಲಿನ ಕೆಂಪು, ಹಸಿರು, ನೀಲಿ ಬಣ್ಣಗಳ ಮೂರು ಬಗೆಯ ಫಿಲ್ಟರುಗಳೂ ಆ ತರಂಗಗಳಿಗೆ ಒಂದೇ ಸಮನೆ ಪಾರದರ್ಶಕವಾಗುತ್ತವೆ. ಬಂಡೆ, ಆಕಾಶ, ಎಲೆಗಳ ನಡುವೆ ಗಾಢವಾದ ಅಂತರ ಬೇಕೆನ್ನುವವರಿಗೆ ಅದು ಒಪ್ಪುತ್ತದೆ. ಪಾರದರ್ಶಕ ಗಾಜು ಹಾಕಿಸಿಕೊಂಡು ಲೆನ್ಸಿನ ಮುಂದೆ ಬೇಕಾದ ಫಿಲ್ಟರ್ ಬದಲಿಸುವವರೂ ಇದ್ದಾರೆ. ಕೋಟೆಯಲ್ಲಿ, ಬೆಟ್ಟದಲ್ಲಿ ನಡೆದಾಡುವವರಿಗೆ ಅದು ಕಿರಿಕಿರಿ ಎಂಬುದು ನನ್ನ ಅನಿಸಿಕೆ.

ಲೆನ್ಸಿನ ನಡುವೆ ಬೀಳುವ ಕಲೆಗೆ ಹಾಟ್ ಸ್ಪಾಟ್ ಎನ್ನುತ್ತಾರೆ. ಲೆನ್ಸಿನ ಗಾಜುಗಳ ಮೇಲಿನ ಲೇಪನವೂ ಒಳಗಿನ ಕಪ್ಪು ಬಣ್ಣವೂ ಕಣ್ಣಿಗೆ ಕಾಣುವ ಬೆಳಕಿಗೆಂದು ಮಾಡಿದವು. ಅವಕೆಂಪು ಅವುಗಳ ಮೇಲೆ ಬಿದ್ದು ಅತ್ತಿತ್ತ ಪುಟಿದು ಸೆನ್ಸರಿನ ನಡುವೆ ಬಂದು ಸೇರುತ್ತದೆ. ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಒಂದೇ ಛಾಯೆಯ ಆಕಾಶವನ್ನೋ ಸುಣ್ಣ ಬಳಿದ ಗೋಡೆಯನ್ನೋ ಚೌಕಟ್ಟಿನ ತುಂಬ ಇಟ್ಟು, ಎಫ್ 5.6, 8, 11, 16 ಹೀಗೆ ಒಂದೊಂದಾಗಿ ತೆಗೆದು, ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಹೆಚ್ಚಿಸಿ ನೋಡಿ. ಅಪರ್ಚರ್ ಕಿರಿದಾದಂತೆ ಕಲೆ ಚಿಕ್ಕದಾಗುತ್ತ, ಅಂಚು ಸ್ಪಷ್ಟವಾಗುತ್ತ ಬರುತ್ತದೆ. ಎಫ್ 8ರವರೆಗೆ ಕಾಣದಿದ್ದರೆ ಆ ಲೆನ್ಸ್ ಕೆಲಸಕ್ಕೆ ಬರುತ್ತದೆ. ಜೂಮ್‌ನಲ್ಲಿ 18, 35, 55 ಮೂರು ಕಡೆಯೂ ಪರೀಕ್ಷಿಸಬೇಕು, ಒಂದು ತುದಿಯಲ್ಲಿ ಇಲ್ಲದ ಕಲೆ ಇನ್ನೊಂದರಲ್ಲಿ ಇರುವುದುಂಟು.

ಜಾಗದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೋಟೆಯನ್ನೇ ಮೊದಲು ಹಿಡಿಯುವ ಬದಲು ದಾವಣಗೆರೆ, ಹರಿಹರಗಳ ನಡುವಿನ ಭದ್ರಾ ನಾಲೆಯ ಗದ್ದೆಗಳಿಗೆ ಒಮ್ಮೆ ಬನ್ನಿ. ನಾಟಿಯಾದ ಹೊಸದರಲ್ಲಿ ನಿಂತ ನೀರು ಕಪ್ಪು ಹಲಗೆಯಂತಾಗಿ, ಸಸಿಗಳ ಒಂದೊಂದು ಬುಡವೂ ಬಿಳಿಯ ಚುಕ್ಕೆಯಾಗಿ, ಬದುವಿನ ಹುಲ್ಲು ಬಿಳಿಯ ಗೆರೆಯಾಗಿ ಕಾಣುತ್ತದೆ. ತಿಂಗಳು ಕಳೆದು ಪೈರು ನೀರನ್ನು ಮುಚ್ಚಿದರೆ ಗದ್ದೆಯೆಲ್ಲ ಬರಿಯ ಬಿಳಿಯಾಗಿ ಚಿತ್ರಕ್ಕೆ ಹಿಡಿತವೇ ಸಿಗುವುದಿಲ್ಲ. ಸಂತೇಬೆನ್ನೂರಿನ ಪುಷ್ಕರಣಿಯೂ ಒಳ್ಳೆಯ ಪಾಠಶಾಲೆ. ನೀರು ತಿಳಿಯಾಗಿದ್ದಾಗ ನಡುವಿನ ಮಂಟಪ ಕಪ್ಪಿನ ಮೇಲೆ ಎದ್ದು ನಿಲ್ಲುತ್ತದೆ, ಪಾಚಿ ಅಥವಾ ಜಲಸಸ್ಯ ಹಬ್ಬಿದ್ದರೆ ನೀರಿನ ಮೇಲ್ಮೈಯೇ ಬೆಳ್ಳಗೆ ಬರುತ್ತದೆ. ಎರಡನ್ನೂ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿ.

ಉತ್ತರ 1 ಬರೆದವರಿಂದ

ಹರಿಹರದ ಮಿತ್ರರು ಹೇಳಿದ ಎಲ್ಲದಕ್ಕೂ ನನ್ನ ಸಹಮತವಿದೆ. ಫಿಲ್ಮ್ ಬಗ್ಗೆ ಹಿರಿಯರು ಎತ್ತಿದ ಆಕ್ಷೇಪವೂ ನ್ಯಾಯವಾದದ್ದು. ಗಾಳಿಯ ಲೆಕ್ಕದಲ್ಲಿ ಕೆ1000 ಗೆಲ್ಲುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಮೊದಲ ಹೆಜ್ಜೆಗೆ ಡಿಜಿಟಲ್ ಇರಲಿ ಎನ್ನುವೆ, ಏಕೆಂದರೆ ತೆಗೆದ ಮರುಕ್ಷಣವೇ ಅದೇ ಮರದ ಮುಂದೆ ನಿಂತು ಫಲಿತಾಂಶ ನೋಡಬಹುದು. ಅಲ್ಲಿ ಕಂಡುಕೊಂಡ ಜಾಗಗಳಿಗೆ ಫಿಲ್ಮ್ ಹಾಕಿಕೊಂಡು ಮರಳಿ ಹೋದರೆ ಒಂದು ರೋಲೂ ವ್ಯರ್ಥವಾಗುವುದಿಲ್ಲ.

ಹೊರಡುವ ಮುನ್ನ ಎರಡು ವ್ಯವಹಾರದ ಮಾತು. ಅಗ್ಗದ ಫಿಲ್ಟರುಗಳಲ್ಲಿ ಕೆಲವು ಹೆಸರಿಗಷ್ಟೇ 720, ಅವುಗಳಿಂದ ಸಾಮಾನ್ಯ ಕೆಂಪು ಬೆಳಕೂ ಸೋರುತ್ತದೆ. ಬಂದ ಫಿಲ್ಟರನ್ನು ಮನೆಯೊಳಗಿನ ಬಿಳಿ ಎಲ್‌ಇಡಿ ಬಲ್ಬಿಗೆ ಹಿಡಿದು ನೋಡಿ, ಆ ಬಲ್ಬಿನಲ್ಲಿ ಅವಕೆಂಪು ಇಲ್ಲವೆನ್ನುವಷ್ಟು ಕಡಿಮೆ. ಒಳ್ಳೆಯ ಫಿಲ್ಟರ್ ಮೂಲಕ ಬಲ್ಬ್ ತೀರ ಮಂಕಾದ ಕಡುಗೆಂಪು ಚುಕ್ಕೆಯಾಗಿ ಕಾಣಬಹುದು, ಇಲ್ಲವೇ ಕಾಣದೆಯೇ ಹೋಗಬಹುದು. ಬಲ್ಬಿನ ಸುತ್ತಲಿನ ಗೋಡೆಯೂ ಕಾಣುವಷ್ಟು ಕೆಂಪು ಬೆಳಕು ಬಂದರೆ ಅದನ್ನು ಹಿಂದಿರುಗಿಸಿ. ಎರಡನೆಯದು ಕೋಟೆಯ ವಿಷಯ. ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ, ಅಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆದಿರಬೇಕು. ಕೆಳಗಿನ ಬಾಗಿಲಲ್ಲಿ ಟಿಕೆಟ್ ಕೊಳ್ಳುವಾಗ ಕೇಳಿದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ, ಆದ್ದರಿಂದ ಅರ್ಜಿಯನ್ನು ಈಗಲೇ ಹಾಕಿ. ಅನುಮತಿ ಬರುವವರೆಗೆ ಜೋಗಿಮಟ್ಟಿಗೆ ಹೋಗುವ ದಾರಿಯ ಮರಗಳಲ್ಲಿ ಅಭ್ಯಾಸ ಮಾಡಿಕೊಳ್ಳಬಹುದು.